ಕುಂಡೆ ನೋವು ಬಂದರೆ ಕಿಡ್ನಿ ಕೆಟ್ಟಿದೆ ಅಂತಲ್ಲ

"ಕುಂಡೆಯಲ್ಲಿ ನೋವು ಬಂದರೆ ಕಿಡ್ನಿ ಹಾಳಾಗುತ್ತಿದೆ, ತಕ್ಷಣ ಈ ಕಷಾಯ ಶುರುಮಾಡಿ" ಎಂಬ ಮೆಸೇಜ್ ಶಿರಸಿ, ಕುಮಟಾ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು.

ಕಿಡ್ನಿ ಇರುವುದು ಪಕ್ಕೆಲುಬಿನ ಕೆಳಭಾಗದ ಹತ್ತಿರ, ಬೆನ್ನಿನ ಎರಡೂ ಬದಿಗೆ. ಕಲ್ಲಾದರೆ ನೋವು ಸಾಮಾನ್ಯವಾಗಿ ಅಲ್ಲಿಂದ ಹೊಟ್ಟೆಯ ಕೆಳಭಾಗಕ್ಕೆ, ತೊಡೆಸಂದಿಗೆ ಇಳಿಯುತ್ತದೆ. ಕಿಡ್ನಿ ನಿಧಾನವಾಗಿ ಸೋಲುವಾಗಲಂತೂ ಎಷ್ಟೋ ಜನರಿಗೆ ನೋವೇ ಇರುವುದಿಲ್ಲ. ಅದು ಗೊತ್ತಾಗುವುದು ರಕ್ತ, ಮೂತ್ರ ಪರೀಕ್ಷೆಯಿಂದ.

ಕುಂಡೆ ನೋವಿಗೆ ಕಾರಣ ಹೆಚ್ಚಾಗಿ ಸ್ನಾಯು, ನರ ಅಥವಾ ಕೀಲು. ಅಡಿಕೆ ಮೂಟೆ, ಮೀನಿನ ಬುಟ್ಟಿ ಎತ್ತುವಾಗ ಸ್ನಾಯು ಉಳುಕಬಹುದು. ಸೊಂಟದ ಡಿಸ್ಕ್ ಜಾರಿ ನರ ಒತ್ತಿದರೆ ನೋವು ಕಾಲಿನವರೆಗೂ ಹರಿಯುತ್ತದೆ, ಅದೇ ಸಯಾಟಿಕಾ. ಗಟ್ಟಿ ಸೀಟಿನ ಮೇಲೆ ಜಾಸ್ತಿ ಹೊತ್ತು ಕೂತರೂ ನೋವು ಬರುತ್ತದೆ. ದೇವಿಮನೆ ಘಟ್ಟ ಹತ್ತಿ ಇಳಿಯುವ ಡ್ರೈವರುಗಳನ್ನು ಕೇಳಿ! ಹರೆಯದವರಿಗೆ ತಿಂಗಳುಗಟ್ಟಲೆ ನೋವಿದ್ದು, ಬೆಳಗ್ಗೆ ಸೆಟೆದುಕೊಂಡು ಓಡಾಡಿದ ಮೇಲೆ ಸಡಿಲವಾದರೆ ಅದು ಒಂದು ಬಗೆಯ ಸಂಧಿವಾತ ಇರಬಹುದು. ಬಾವು, ಸರ್ಪಸುತ್ತು, ಸೊಂಟದ ಕೀಲಿನ ಸವೆತವೂ ಕಾರಣವಾಗಬಹುದು. ನಾಚಿಕೊಂಡು ಮುಚ್ಚಿಡುವ ಕಾಯಿಲೆಯಲ್ಲ ಇದು, ಅಲ್ವಾ?

ಮೂತ್ರ ಕಟ್ಟಿದರೆ, ಮಲಮೂತ್ರ ಹಿಡಿತ ತಪ್ಪಿದರೆ, ತೊಡೆಸಂದಿ ಜೋಮು ಹಿಡಿದರೆ, ಕಾಲಿನ ಬಲ ಕುಂದಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ನೋವಿನ ಜೊತೆ ಜ್ವರ ಇದ್ದರೂ ತಡಮಾಡಬೇಡಿ. ಕಿಡ್ನಿ ತೊಂದರೆ ಇರುವವರಿಗೆ ಸಿಕ್ಕಸಿಕ್ಕ ಕಷಾಯವೇ ಅಪಾಯ ತರಬಹುದು. ಆ ಮೆಸೇಜನ್ನು ಸುಮ್ನೆ ಫಾರ್ವರ್ಡ್ ಮಾಡಬೇಡಿ, ಈಗಾಗಲೇ ಕಳಿಸಿದ್ದರೆ ಅಳಿಸಿಬಿಡಿ.