ಬೆರಳು ಆಡಿದ ಮಾತ್ರಕ್ಕೆ ಭುಜ ಜಾರಿಲ್ಲ ಅಂತಲ್ಲ: ಒಂದು ಸ್ಪಷ್ಟನೆ

ಶ್ರೀನಿವಾಸಪುರದ ಕಡೆ ಮಾವು ಕೊಯ್ಯುವ ಕಾಲ. ಮರದಿಂದ ಬೀಳುವುದೂ ಉಂಟು. ಇದೇ ಹೊತ್ತಿಗೆ ವಾಟ್ಸಾಪ್‌ನಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: "ಬೆರಳು ಆಡಿದರೆ ಭುಜ ಜಾರಿಲ್ಲ. ಜಾರಿದ್ದರೂ ಕಂಕುಳಲ್ಲಿ ಕಾಲಿಟ್ಟು ಕೈ ಎಳೆದರೆ ಕೂತುಕೊಳ್ಳುತ್ತೆ." ಎರಡೂ ತಪ್ಪು. ದಯವಿಟ್ಟು ಫಾರ್ವರ್ಡ್ ಮಾಡಬೇಡಿ.

ಬೆರಳು ಆಡಿಸುವ ಸ್ನಾಯುಗಳು ಇರುವುದು ಮುಂಗೈ ಮತ್ತು ಅಂಗೈಯಲ್ಲಿ. ತೋಳಿನ ಮೂಳೆಯ ಮೇಲ್ತುದಿಯ ಗುಂಡು ಭುಜದ ಗೂಡಿನಿಂದ ಆಚೆ ಬಂದರೂ ಬೆರಳು ಆಡುತ್ತವೆ. ನೋಡಬೇಕಾದ್ದು ಭುಜವನ್ನು. ಅಂಗಿ ಮೆಲ್ಲಗೆ ಸರಿಸಿ ಎರಡೂ ಕಡೆ ಹೋಲಿಸಿ. ಜಾರಿದ ಕಡೆ ದುಂಡಗಿನ ಆಕಾರ ಹೋಗಿ, ಭುಜದ ಮೇಲಿನ ಮೂಳೆಯ ತುದಿ ಪೆಟ್ಟಿಗೆಯ ಮೂಲೆಯ ಹಾಗೆ ಎದ್ದು ಕಾಣುತ್ತೆ, ಅದರ ಕೆಳಗೆ ತಗ್ಗು. ಬಿದ್ದವರು ಆ ಕೈಯನ್ನು ಮೈಯಿಂದ ತುಸು ದೂರ ಇಟ್ಟು, ಇನ್ನೊಂದು ಕೈಯಲ್ಲಿ ಎಳೆಗೂಸಿನ ಹಾಗೆ ಹಿಡಿದಿರುತ್ತಾರೆ. ಮುಟ್ಟಲೂ ಬಿಡಲ್ಲ. ಹೆಚ್ಚಿನವರಲ್ಲಿ ಗುಂಡು ಮುಂದಕ್ಕೆ ಜಾರುತ್ತೆ. ಫಿಟ್ಸ್ ಬಂದಾಗ, ಕರೆಂಟ್ ಹೊಡೆದಾಗ ಹಿಂದಕ್ಕೂ ಜಾರಬಹುದು. ಆಗ ಆಕಾರ ಅಷ್ಟು ಬದಲಾಗಲ್ಲ, ಆದರೆ ಕೈ ಹೊರಕ್ಕೆ ತಿರುಗುವುದಿಲ್ಲ.

ನೋವಿನಲ್ಲಿ ಕಿರುಚುವವರ ಕೈ ಎಳೆಯುವುದನ್ನು ನೆನೆದರೇ ಕರುಳು ಕಿವುಚುತ್ತೆ. ಜೊತೆಗೆ ಮೂಳೆಯೂ ಮುರಿದಿರಬಹುದು, ಅದು ಎಕ್ಸ್‌ರೇ ಇಲ್ಲದೆ ಗೊತ್ತಾಗಲ್ಲ. ಪಕ್ಕದಲ್ಲೇ ನರ, ರಕ್ತನಾಳ ಇವೆ. ತೋಳಿನ ಹೊರಬದಿ ಜೋಮು ಹಿಡಿದಿದ್ದರೆ ನರಕ್ಕೆ ಪೆಟ್ಟಾಗಿರಬಹುದು.

ಕೈ ಹೇಗಿದೆಯೋ ಹಾಗೇ ಟವೆಲ್‌ನಲ್ಲಿ ಜೋಲಿ ಕಟ್ಟಿ. ಬಟ್ಟೆ ಸುತ್ತಿದ ಐಸ್ ಇಡಿ. ಊಟ, ಕಾಫಿ ಬೇಡ. ಯಾಕಂದರೆ ಕೀಲು ಕೂರಿಸುವಾಗ ಮಂಪರು ಬರಿಸುವ ಔಷಧಿ ಬೇಕಾಗಬಹುದು. ಎಕ್ಸ್‌ರೇ ಇರುವ ಆಸ್ಪತ್ರೆಗೆ ಹೊರಡಿ, ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ. ಬೆರಳು ತಣ್ಣಗಾಗಿ ಬಿಳಿಚಿಕೊಂಡಿದ್ದರೆ ಒಂದು ನಿಮಿಷವೂ ಕಾಯಬೇಡಿ.