ಚಾಕು ಒಂದು ಬಿಟ್ಟು ಮಿಕ್ಕಿದ್ದೆಲ್ಲಾ ಬದಲಾಯಿಸಿದ್ವಿ

ಹಲ್ಲಲ್ಲಿ ಬ್ರೆಡ್ ತುಂಡು ಕಚ್ಕೊಂಡು ಈರುಳ್ಳಿ ಹೆಚ್ಚಿದ್ರೆ ಕಣ್ಣಲ್ಲಿ ನೀರೇ ಬರಲ್ಲ ಅಂತ ಮೊದಲು ಹೇಳಿದ ಪುಣ್ಯಾತ್ಮ ಯಾರೋ, ಸಿಕ್ಕಿದ್ರೆ ಕಾಲಿಗೆ ಬೀಳ್ತೀನಿ. ಮೊನ್ನೆ ಭಾನುವಾರ ನಾನು ಅದೇ ಅವತಾರದಲ್ಲಿ ಅಡುಗೆಮನೇಲಿ ನಿಂತಿದ್ದೆ, ಬಾಯಿಂದ ಅರ್ಧ ಬ್ರೆಡ್ ಹೊರಗೆ, ಕಣ್ಣಿಂದ ಧಾರಾಕಾರ, ಕೈಯಲ್ಲಿ ಚಾಕು, ನೀರು ಕುಡಿಯೋಕೆ ಬಂದ ಮಗಳು ನೋಡಿದವಳೇ "ಅಮ್ಮಾ ಬೇಗ ಬಾ, ಅಪ್ಪಂಗೆ ಏನೋ ಆಗಿದೆ" ಅಂತ ಕಿರುಚಿದ್ಳು. ಏನೂ ಆಗಿಲ್ಲ ಮಾರಾಯ್ತಿ ಅನ್ನೋಣ ಅಂದ್ರೆ ಬಾಯಿ ಖಾಲಿ ಇಲ್ಲ.

ಬ್ರೆಡ್ಡಿಗಿಂತ ಮುಂಚೆ ಚಮಚ ಆಗಿತ್ತು, ಚಮಚಕ್ಕಿಂತ ಮುಂಚೆ ಚೂಯಿಂಗ್ ಗಮ್, ಅದಕ್ಕೂ ಮುಂಚೆ ಪಕ್ಕದಲ್ಲಿ ಮೇಣದಬತ್ತಿ ಹಚ್ಚಿಟ್ಟಿದ್ದೆ, ಕರೆಂಟ್ ಹೋಯ್ತಾ ಅಂತ ಹೆಂಡತಿ ಕೇಳಿದ್ಳು. ಎಲ್ಲಾ ಆ ಮೂವತ್ತು ಸೆಕೆಂಡಿನ ವಿಡಿಯೋಗಳ ಕೃಪೆ. "ಇಷ್ಟು ದಿನ ನೀವು ಈರುಳ್ಳಿ ತಪ್ಪಾಗಿ ಹೆಚ್ತಾ ಇದ್ರಿ" ಅಂತ ಶುರುವಾಗುತ್ತೆ, ಶುರುವಲ್ಲೇ ನಮ್ಮನ್ನ ಅಪರಾಧಿ ಸ್ಥಾನದಲ್ಲಿ ನಿಲ್ಲಿಸ್ತಾರೆ. ಮೊದಲ ಐದು ಸೆಕೆಂಡ್ 'ಬಿಫೋರ್', ಒಬ್ರು ಗೋಳೋ ಅಂತ ಅಳ್ತಾ ಈರುಳ್ಳಿ ಕುಯ್ತಾ ಇರ್ತಾರೆ. ಆಮೇಲೆ 'ಆಫ್ಟರ್', ಅವರೇ ಹಲ್ಲು ಕಿರಿದು ನಗ್ತಾ ಇರ್ತಾರೆ. ಆದ್ರೆ ಬಿಫೋರ್‌ನಲ್ಲಿದ್ದ ಚಾಕು ಆಫ್ಟರ್‌ನಲ್ಲಿ ಇರಲ್ಲ, ಗಮನಿಸಿ ನೋಡಿ, ಅಲ್ಲಿಗೆ ಬರೋ ಹೊತ್ತಿಗೆ ಫಳಫಳ ಹೊಳೆಯೋ ಹೊಸ ಚಾಕು ಬಂದಿರುತ್ತೆ. ಕ್ರೆಡಿಟ್ ಮಾತ್ರ ಬ್ರೆಡ್ಡಿಗೆ.

ಪಾಪ ಈರುಳ್ಳಿಗೆ ನಮ್ಮ ಮೇಲೆ ಯಾವ ಹಳೇ ದ್ವೇಷಾನೂ ಇಲ್ಲ. ಅದರ ಕೋಶದ ಒಳಗೆ ಗಂಧಕ ಇರೋ ಒಂದು ಸಂಯುಕ್ತ ಒಂದು ಕಡೆ, ಅಲಿನೇಸ್ ಅನ್ನೋ ಕಿಣ್ವ, ಅಂದ್ರೆ ಎಂಜೈಮು, ಇನ್ನೊಂದು ಕಡೆ, ಮಾತು ಬಿಟ್ಟ ಅಣ್ಣತಮ್ಮಂದಿರ ಥರ ಮಧ್ಯೆ ಗೋಡೆ ಹಾಕ್ಕೊಂಡು ತೆಪ್ಪಗಿರ್ತವೆ. ನಾವು ಚಾಕು ಹಾಕಿ ಗೋಡೆ ಒಡೀತೀವಿ, ಇಬ್ಬರೂ ಎದುರುಬದುರಾಗ್ತಾರೆ, ಮೂರನೆಯವನೊಬ್ಬ ಬಂದು ತುಪ್ಪ ಸುರೀತಾನೆ, ಅಂದ್ರೆ ಇನ್ನೊಂದು ಕಿಣ್ವ, ಆಗ ಹುಟ್ಟೋದೇ ಸಿನ್-ಪ್ರೊಪೇನ್‌ಥಯಾಲ್-ಎಸ್-ಆಕ್ಸೈಡ್. ಹೆಸರು ಓದಿದ್ರೇನೆ ಕಣ್ಣಲ್ಲಿ ನೀರು ಬರುತ್ತೆ. ಇದು ಗಾಳಿಯಲ್ಲಿ ತೇಲಿ ಬಂದು ಕಣ್ಣಿನ ಕಾರ್ನಿಯಾದ ನರ ಮುಟ್ಟುತ್ತೆ, ಮಿದುಳು ಗಾಬರಿಯಾಗಿ ತೊಳಿರೋ ಬೇಗ ಅಂತ ಕಣ್ಣೀರಿನ ಗ್ರಂಥಿಗೆ ಆರ್ಡರ್ ಕೊಡುತ್ತೆ. ಆ ಮೂರನೆಯವನನ್ನ 2002ರಲ್ಲಿ ಜಪಾನಿನ ಸಂಶೋಧಕರು ಪತ್ತೆ ಹಚ್ಚಿದ್ರು, ಅಲ್ಲೀವರೆಗೂ ಎಲ್ಲಾ ಅಲಿನೇಸ್‌ದೇ ಕಿತಾಪತಿ ಅಂದ್ಕೊಂಡಿದ್ರು. ಬೆಳ್ಳುಳ್ಳೀಲೂ ಅಲಿನೇಸ್ ಇದೆ, ಈ ತುಪ್ಪ ಸುರಿಯೋನು ಇಲ್ಲ, ಅದಕ್ಕೇ ಅದನ್ನ ಹೆಚ್ಚುವಾಗ ಯಾರೂ ಅಳಲ್ಲ. ಈ ಸಂಶೋಧನೆಗೆ 2013ರಲ್ಲಿ ಇಗ್ ನೊಬೆಲ್ ಕೊಟ್ರು, ಅದೇ, ಮೊದಲು ನಗಿಸಿ ಆಮೇಲೆ ಯೋಚನೆ ಹಚ್ಚೋ ಕೆಲಸಗಳಿಗೆ ಕೊಡೋ ಪ್ರಶಸ್ತಿ.

ಈಗ ಹೇಳಿ, ಕಣ್ಣಿಗೆ ಅಂತ ಹೊರಟ ಗ್ಯಾಸು ನಿಮ್ಮ ಬಾಯಲ್ಲಿ ಬ್ರೆಡ್ ಇದ್ಯಾ ಚಮಚ ಇದ್ಯಾ ಅಂತ ಕಟ್ಕೊಂಡು ಏನು ಮಾಡ್ಬೇಕು? ಈಜೋ ಕನ್ನಡಕ ಹಾಕ್ಕೊಂಡ್ರೆ ಕೆಲಸ ಆಗುತ್ತೆ, ಒಪ್ತೀನಿ, ಆದ್ರೆ ಎರಡನೇ ಈರುಳ್ಳಿ ಹೊತ್ತಿಗೆ ಗಾಜಿಗೆಲ್ಲಾ ಆವಿ ಕೂತು ಈರುಳ್ಳಿ ಯಾವುದು ಹೆಬ್ಬೆಟ್ಟು ಯಾವುದು ಅಂತ ಗೊತ್ತಾಗದೆ ಒಂದು ಸಲ ನಿಜವಾಗ್ಲೂ ಅಳೋ ಹಾಗಾಯ್ತು. ಫ್ಯಾನ್ ಇಟ್ರೂ ಗ್ಯಾಸು ಆ ಕಡೆ ಹೋಗುತ್ತೆ, ಜೊತೆಗೆ ಸಿಪ್ಪೆನೂ.

ಆಮೇಲೆ ದಾರ ಎಳೆಯೋ ಚಾಪರ್ ಬಂತು. ಎಂಟು ಸಲ ಎಳೆದ್ರೆ ದಪ್ಪ, ಹತ್ತು ಸಲ ಎಳೆದ್ರೆ ಚಟ್ನಿ, ಸಣ್ಣಗೆ ಹೆಚ್ಚಿದ ಈರುಳ್ಳಿ ಅಂತ ಇರೋದು ಒಂಬತ್ತನೇ ಎಳೆತದಲ್ಲಿ ಮಾತ್ರ, ಅದು ನನಗೆ ಇವತ್ತಿಗೂ ಸಿಕ್ಕಿಲ್ಲ. ಒಳಗೆ ಕುಯ್ದು ಕುಯ್ದು ಗ್ಯಾಸ್ ತುಂಬಿಟ್ಟುಕೊಂಡಿರುತ್ತೆ, ಮುಚ್ಚಳ ತೆಗೆದ ತಕ್ಷಣ ಅಷ್ಟೂ ಒಂದೇ ಏಟಿಗೆ ಮುಖಕ್ಕೆ. ಕಂತಲ್ಲಿ ಅಳ್ತಿದ್ದೋನು ಇಡಿಗಂಟಲ್ಲಿ ಅತ್ತೆ. ಮೇಲಿಂದ ತೊಳೆಯೋಕೆ ಐದು ಪಾರ್ಟು. ಮೂಗಿಗಿಂತ ಮೂಗುತಿ ಭಾರ ಅಂತ ಸುಮ್ನೆ ಹೇಳಿಲ್ಲ ಹಿರಿಯರು.

ಇಷ್ಟೆಲ್ಲದರ ಮಧ್ಯೆ ನಮ್ಮ ಚಾಕು ಇದೆಯಲ್ಲ, ಅದಕ್ಕೆ ಹೆಬ್ಬೆರಳು ಒತ್ತಿದ್ರೂ ಗೆರೆ ಮೂಡಲ್ಲ, ಟೊಮೇಟೊ ಮೇಲಿಟ್ರೆ ಟೊಮೇಟೊ ಕುಯ್ಯಲ್ಲ, ಸುಮ್ನೆ ಕೂತ್ಕೊಳ್ಳುತ್ತೆ. ಮೇಲೆ ಹೇಳಿದ ಕನ್ನಡಕ, ಚಾಪರ್ ಎಲ್ಲಾ ಬಂದ ಪಾರ್ಸೆಲ್ಲುಗಳ ಟೇಪು ಕುಯ್ದಿದ್ದೂ ಇದೇ ಚಾಕು, ಅಂಟು ಇನ್ನೂ ಅಲಗಿಗೆ ಮೆತ್ಕೊಂಡಿದೆ. ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ, ನಾವು ಈರುಳ್ಳಿ ಖಾರ ಅಂತೀವಿ.

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು ಈರುಳ್ಳಿಗೆ ಅಂತಲೇ ಮೇಲಿಂದ ಅಲಗು ಬಿದ್ದು ಕುಯ್ಯೋ ಪುಟ್ಟದೊಂದು ಗಿಲೋಟಿನ್ ಕಟ್ಟಿ, ಹೈಸ್ಪೀಡ್ ಕ್ಯಾಮೆರಾ ಇಟ್ಟು, ಕುಯ್ದು ಕುಯ್ದು ನೋಡಿ 2025ರಲ್ಲಿ ಪ್ರಕಟ ಮಾಡಿದ್ದೇನಪ್ಪಾ ಅಂದ್ರೆ, ಮೊಂಡು ಚಾಕು ಪದರ ಸೀಳೋಕೆ ಮುಂಚೆ ಅದನ್ನ ಒತ್ತಿ ಬಗ್ಗಿಸುತ್ತೆ, ಒಳಗೆ ಒತ್ತಡ ಏರಿ ರಸ ಪಿಚಕಾರಿ ಥರ ಹಾರುತ್ತೆ, ಹರಿತವಾದ ಚಾಕುವಲ್ಲಿ ನಿಧಾನವಾಗಿ ಕುಯ್ದ್ರೆ ಹನಿ ಕಮ್ಮಿ. ಗಿಲೋಟಿನ್ ಕಟ್ಟದೇ ನಮ್ಮಜ್ಜಿ ಇದನ್ನೇ ಹೇಳ್ತಿದ್ರು, ಜೊತೆಗೆ ಎರಡು ಬೈಗುಳ ಸೇರಿಸಿ. ಇನ್ನು ಜಪಾನಿನ ಅದೇ ಸಂಶೋಧಕರ ಕಂಪನಿ 2015ರಲ್ಲಿ ಅಳಿಸದೇ ಇರೋ ಈರುಳ್ಳಿ ತಳೀನೇ ತಂದುಬಿಡ್ತು, ಅದರಲ್ಲಿ ಕಿಣ್ವದ ಆಟ ತುಂಬಾ ಕಮ್ಮಿ, ಘಾಟೂ ಕಮ್ಮಿ. ವಿಜ್ಞಾನಕ್ಕೆ ಕೈ ಮುಗೀತೀನಿ, ಆದ್ರೂ ಮನುಷ್ಯ ಎಂಥಾ ಆಸಾಮಿ ನೋಡಿ, ಈರುಳ್ಳಿಯ ಹುಟ್ಟುಗುಣ ತಿದ್ದೋಕೆ ರೆಡಿ, ಚಾಕು ಮಸೆಯೋಕೆ ಪುರುಸೊತ್ತಿಲ್ಲ.

ಕೊನೆಗೆ ನಿನ್ನೆ ನಾಚಿಕೆಯಾಗಿ ಕಾಫಿ ಮಗ್ ಬೋರಲು ಹಾಕಿದೆ. ಪಿಂಗಾಣಿ ಮಗ್ಗಿನ ತಳದಲ್ಲಿ ಬಣ್ಣ ಹಚ್ಚದ ಒಂದು ಒರಟು ಬಳೆ ಇರುತ್ತಲ್ಲ, ಅದರ ಮೇಲೆ ನಾಲ್ಕು ಹನಿ ನೀರು ಬಿಟ್ಟು ಅಲಗನ್ನ ಓರೆ ಮಾಡಿ ಹತ್ತು ನಿಮಿಷ ಎಳೆದೆ, ಕಪ್ಪು ಕಪ್ಪು ನೀರು ಬಂತು. ಆಮೇಲೆ ಈರುಳ್ಳಿ ಇಟ್ರೆ, ಅಯ್ಯೋ, ಸದ್ದೇ ಬೇರೆ. ಮೊದಲು ಕರಕರ ಅಂತ ಜಗಿದ ಹಾಗೆ ಕೇಳ್ತಿತ್ತು, ಈಗ ಸರ್ ಅಂತ ಇಳೀತು. ಮೂರು ಈರುಳ್ಳಿ ಮುಗೀತು, ಕಣ್ಣು ಸ್ವಲ್ಪ ಚುರುಗುಟ್ತು ಅಷ್ಟೇ.

ಖುಷಿಗೆ ಮಗಳನ್ನ ಕರೆದೆ, ವಿಡಿಯೋ ಮಾಡು ಬಾ, ನಾವೂ ಹಾಕೋಣ ಅಂತ. ಫೋನ್ ಹಿಡ್ಕೊಂಡು ಬಂದ್ಳು, ಎರಡು ನಿಮಿಷ ನೋಡಿದ್ಳು, ಮುಖ ಸಪ್ಪೆ ಮಾಡ್ಕೊಂಡು "ಅಪ್ಪಾ ನೀನು ಅಳ್ತಾನೇ ಇಲ್ವಲ್ಲ, ಬಿಫೋರ್‌ಗೆ ಏನು ಹಾಕ್ಲಿ? ಮೊಂಡು ಚಾಕು ಇನ್ನೊಂದಿದ್ಯಾ?" ಅಂದ್ಳು. ಇದ್ದಿದ್ದು ಒಂದೇ ಕಣೇ, ಅದನ್ನೂ ಮಸೆದಾಯ್ತು ಅಂದೆ. ಅವಳು ಸ್ವಲ್ಪ ಯೋಚನೆ ಮಾಡಿ, ಫ್ರಿಜ್ಜಿಂದ ಬ್ರೆಡ್ ತಂದು ನನ್ನ ಬಾಯಿ ಹತ್ರ ಹಿಡಿದ್ಳು.