ಎರಡು ತಿಂಗಳ ಆಟಕ್ಕೆ ಹನ್ನೆರಡು ತಿಂಗಳ ಬಾಡಿಗೆ

ಟಿವಿಯ ಕ್ರೀಡಾ ವಾಹಿನಿಗಳ ಪ್ಯಾಕೇಜ್ ಕೊಟ್ಟ ದುಡ್ಡಿಗೆ ತಕ್ಕದ್ದೇ ಎಂದು ಲೇಖನವೊಂದರಲ್ಲಿ ಓದಿದೆ. ದಿನವೂ ಪಂದ್ಯ ನೋಡುವವರಿಗೆ ಆ ಮಾತು ಒಪ್ಪಬಹುದು. ನಮ್ಮ ಮನೆಯ ಲೆಕ್ಕ ಬೇರೆ. ನಾವು ನೋಡುವುದು ಐಪಿಎಲ್, ಅದರಲ್ಲೂ ಆರ್‌ಸಿಬಿ ಆಡುವ ದಿನ. ಅಷ್ಟಕ್ಕೆ ವರ್ಷವಿಡೀ ಹಣ ಕಟ್ಟುತ್ತಿದ್ದೆವು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) 2019ರ ನಿಯಮದಂತೆ ಬೇಕಾದ ವಾಹಿನಿಯನ್ನಷ್ಟೇ ಬಿಡಿಯಾಗಿ ಆರಿಸಿಕೊಳ್ಳಬಹುದೆಂದು ನನಗೆ ತಿಳಿದದ್ದೇ ತಡವಾಗಿ. ಕೇಬಲ್‌ನವರು ತಾವಾಗಿ ಬಾಯಿ ಬಿಡಲಿಲ್ಲ. ಈಗ ಐಪಿಎಲ್ ಶುರುವಾಗುವಾಗ ಕನ್ನಡದ ಸ್ಟಾರ್ ಸ್ಪೋರ್ಟ್ಸ್ ಒಂದನ್ನೇ ಹಾಕಿಸಿ, ಮುಗಿದ ಮೇಲೆ ತೆಗೆಸುತ್ತೇನೆ.

ಮೊಬೈಲ್‌ನಲ್ಲಿ ನೋಡಿದರಾಯಿತಲ್ಲ ಎನ್ನುವವರಿದ್ದಾರೆ. 2023ರಲ್ಲಿ ಜಿಯೋಸಿನಿಮಾ ಆ್ಯಪ್ ಐಪಿಎಲ್ ಅನ್ನು ಪುಕ್ಕಟೆ ತೋರಿಸಿ ರುಚಿ ಹತ್ತಿಸಿತು. 2025ರಲ್ಲಿ ಹಾಟ್‌ಸ್ಟಾರ್ ಜೊತೆ ಸೇರಿ ಜಿಯೋಹಾಟ್‌ಸ್ಟಾರ್ ಆದ ಮೇಲೆ ಚಂದಾ ಕೇಳತೊಡಗಿತು. ದುಡ್ಡಾದರೂ ಹೋಗಲಿ, ಮೊಬೈಲ್‌ನಲ್ಲಿ ಆಟ ಟಿವಿಗಿಂತ ತಡವಾಗಿ ಬರುತ್ತದೆ; ಚೆಂಡು ಬೌಂಡರಿ ಮುಟ್ಟುವ ಮೊದಲೇ ಪಕ್ಕದ ಮನೆಯ ಕೇಕೆ ಕೇಳಿಸುತ್ತದೆ. 2025ರ ಜೂನ್ 3ರ ಫೈನಲ್‌ ಅನ್ನು ನಾನು ಹಾಗೆಯೇ ನೋಡಿದೆ. ಆರ್‌ಸಿಬಿ ಪಂಜಾಬನ್ನು 6 ರನ್‌ಗಳಿಂದ ಸೋಲಿಸಿದ ಆ ರಾತ್ರಿ, ತಂಡದ ಮೊದಲ ಕಪ್‌ಗಾಗಿ ಹದಿನೆಂಟು ವರ್ಷ ಕಾದವನಿಗೆ ಪ್ರತಿ ವಿಕೆಟ್ಟಿನ ಸುದ್ದಿಯನ್ನೂ ಮೊದಲು ಕೊಟ್ಟದ್ದು ಬೀದಿಯ ಪಟಾಕಿ.